ಅಧ್ಯಕ್ಷರ ಆಂಟೆನಾ ಕಂಬ

ಹತ್ತು ಜನರನ್ನು ಒಮ್ಮತಕ್ಕೆ ತರುವುದು ಮಹಾ ಕಷ್ಟದ ಕೆಲಸವೇನಲ್ಲ, ಸಮರ್ಥ ಅಧ್ಯಕ್ಷನೊಬ್ಬ ಇದ್ದರೆ ಸಾಕು ಎಂದು ನಾನು ನಂಬಿದ್ದೆ. ಅಧ್ಯಕ್ಷ ನಾನೇ ಆಗಿದ್ದೆನಲ್ಲ!

ಎಂಬತ್ತರ ದಶಕದ ಮಾತು. ಪರವಾನಗಿ ಪಡೆದು, ಮನೆಯಲ್ಲೇ ಕುಳಿತು ರೇಡಿಯೋದಲ್ಲಿ ಪರಸ್ಪರ ಮಾತನಾಡುವ ಹ್ಯಾಮ್ ಹವ್ಯಾಸಿಗಳ ಬಳಗ ನಮ್ಮದು. ನಾನು ಅಲೆವೂರಿನಲ್ಲಿ, ಸದಾನಂದಣ್ಣ ಕಾಪುವಿನಲ್ಲಿ, ವಕೀಲ ಜಿನರಾಜರು ಕಾರ್ಕಳದಲ್ಲಿ, ಉಳಿದವರು ಅಲ್ಲಿ ಇಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಗಾಳಿಯಲ್ಲೇ ಸಭೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ನಮ್ಮವರಿಗೆ ಅದೊಂದು ಬಿಟ್ಟು ಎಲ್ಲವೂ ಗೊತ್ತಿತ್ತು. ಒಮ್ಮೆ ನಾನು, ಸಭೆ ಎಂಟಕ್ಕೋ ಒಂಬತ್ತಕ್ಕೋ ಎಂದು ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ಉತ್ತರಿಸಿದರು, ನನ್ನ ರೇಡಿಯೋ ಸೆಟ್ಟು ಹಂದಿಯ ಹಾಗೆ ಕಿರುಚಿತು. ಅಡುಗೆಮನೆಯಿಂದ ಹೆಂಡತಿ ಲಿಲ್ಲಿ ಓಡಿ ಬಂದಳು.

"ಎಂತ ಆಯ್ತು?"

"ಚರ್ಚೆ," ಎಂದೆ.

ಆಗಲೇ ನಾನು ಆ ಐತಿಹಾಸಿಕ ನಿಯಮ ಹೊರಡಿಸಿದ್ದು: ವಿರೋಧವಿರುವವರು ಮಾತ್ರ ಮಾತನಾಡತಕ್ಕದ್ದು, ಮಾತನಾಡದವರು ಒಪ್ಪಿದ್ದಾರೆಂದೇ ಪರಿಗಣಿಸತಕ್ಕದ್ದು. ಯಾರೂ ಮಾತನಾಡಲಿಲ್ಲ. ಅಂಗೀಕಾರ!

ಮುಂದಿನ ಭಾನುವಾರದ ವಿಷಯ, ಬಳಗದ ಎತ್ತರದ ಆಂಟೆನಾ ಕಂಬವನ್ನು ಎಲ್ಲಿ ನಿಲ್ಲಿಸುವುದು? ಕಾಪುವಿನ ಉಪ್ಪುಗಾಳಿಗೆ ಕಬ್ಬಿಣ ಉಳಿಯದು, ಕಾರ್ಕಳದ ಬಂಡೆಯೇ ಶ್ರೇಷ್ಠ ಎಂಬ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಕರೆಂಟು ಹೋಯಿತು, ಸೆಟ್ಟು ಬಂದ್. ನಾನು ನೆಮ್ಮದಿಯಿಂದ ಚಹಾ ಕುಡಿದೆ. ಅಧ್ಯಕ್ಷನಿಲ್ಲದೆ ಇವರೇನು ತೀರ್ಮಾನ ಮಾಡಿಯಾರು!

ಮಾಡಿದ್ದರು. ಮಧ್ಯಾಹ್ನ ಜೀಪೊಂದು ಅಂಗಳಕ್ಕೆ ಬಂತು. ಒಳಗೆ ಇಡೀ ಬಳಗ, ಮೇಲೆ ಕಂಬ.

"ನಿಮ್ಮ ಮನೆ ಮಾಡಿನ ಮೇಲೆ ಅಂತ ತೀರ್ಮಾನ ಆಯ್ತಲ್ಲ ಮಾರಾಯ್ರೇ," ಎಂದರು ಸದಾನಂದಣ್ಣ. "ವಿರೋಧ ಉಂಟಾ ಅಂತ ಕೇಳಿ ಕೇಳಿ ಸಾಕಾಯ್ತು. ನೀವು ಉಸಿರೇ ಎತ್ತಲಿಲ್ಲ!"

"ಕರೆಂಟು ಇರಲಿಲ್ಲ!"

"ನಿಯಮದಲ್ಲಿ ಕರೆಂಟಿನ ವಿಷಯ ಇಲ್ಲ, ಅಲ್ವಾ?" ಎಂದರು ವಕೀಲರು.

ಸ್ವಂತ ನಿಯಮವನ್ನು ಮುರಿದ ಅಧ್ಯಕ್ಷ ಎನಿಸಿಕೊಳ್ಳಲು ಮನಸ್ಸಾಗಲಿಲ್ಲ. ಏಣಿ ಇಟ್ಟು ಹಂಚಿನ ಮಾಡು ಹತ್ತಿದೆ. ಕೆಳಗಿನಿಂದ ಒಬ್ಬರು "ಎಡಕ್ಕೆ!" ಎಂದರು, ಇನ್ನೊಬ್ಬರು "ಬಲಕ್ಕೆ!" ಎಂದರು. ಸರ್ವರ ಅಭಿಪ್ರಾಯಕ್ಕೂ ಮನ್ನಣೆ ನೀಡಿ ಎರಡೂ ಕಡೆ ಹೆಜ್ಜೆ ಇಟ್ಟೆ. ಹಂಚುಗಳು ಮನ್ನಣೆ ನೀಡಲಿಲ್ಲ. ಫಟ್! ನನ್ನ ಒಂದು ಕಾಲು ಅಡುಗೆಮನೆಗೆ ಇಳಿಯಿತು. ಹಂಚಿನ ಚೂರು ಮೀನಿನ ಸಾರಿಗೆ.

"ಇದು ಯಾರ ಕಾಲು?" ಒಳಗಿನಿಂದ ಲಿಲ್ಲಿ ಕೂಗಿದಳು.

"ಅಧ್ಯಕ್ಷರದ್ದು," ಎಂದರು ಜಿನರಾಜರು ಗೌರವದಿಂದ.

ಅಂಗಳದಲ್ಲಿ ಹೊಸ ಚರ್ಚೆ ಶುರುವಾಯಿತು. ಹಂಚು ಹಾಕಿಸುವುದು ಬಳಗವೋ, ನಾನೋ? ಮೋಡ ಕವಿಯುತ್ತಿತ್ತು. ಲಿಲ್ಲಿ ಸೌಟು ಹಿಡಿದೇ ಹೊರಗೆ ಬಂದಳು.

"ಸದಾನಂದಣ್ಣ, ಕೊಟ್ಟಿಗೆಯಲ್ಲಿ ಹಳೆ ಹಂಚು ಉಂಟು, ತನ್ನಿ. ವಕೀಲರೇ, ಏಣಿ ಹಿಡಿಯಿರಿ. ಉಳಿದವರು ಕಂಬವನ್ನು ತೋಟದ ಮೂಲೆಯಲ್ಲಿ ನೆಡಿ."

ಎಲ್ಲರೂ ಓಡಿದರು. ಒಬ್ಬರೂ ಎಡ ಬಲ ಎನ್ನಲಿಲ್ಲ. ಓಡುತ್ತಲೇ ಸದಾನಂದಣ್ಣ, ಇನ್ನು ಮುಂದೆ ಲಿಲ್ಲಿಬಾಯಿಯವರೇ ನಮ್ಮ ಅಧ್ಯಕ್ಷೆ ಎಂದು ಘೋಷಿಸಿದರು. ಚಪ್ಪಾಳೆ!

ಮಾಡಿನ ಮೇಲಿಂದ ನಾನು ವಿನಯದಿಂದ ಕೇಳಿದೆ, "ನಾನು ಎಂತ ಮಾಡಲಿ?"

"ನೀವು ಮೊದಲು ನನ್ನ ಅಡುಗೆಮನೆಯಿಂದ ಕಾಲು ತೆಗೆಯಿರಿ," ಎಂದರು ಅಧ್ಯಕ್ಷೆ.