ಹಡಗಿನ ಸಾಹೇಬರು ಓಟು ಕೇಳಲು ಬಂದರು

ನಮ್ಮ ಸಾಹೇಬರ ಜೀಪು ಓಡಿಸುವ ನನಗೆ ನಗೆಗೆ ಬರವಿಲ್ಲ. ದಿನಕ್ಕೊಂದು ಏನಾದರೂ ಆಗಿಯೇ ತೀರುತ್ತದೆ. ಸಾಹೇಬರು ಹುನಗುಂದದಲ್ಲಿ ಹುಟ್ಟಿ, ನೌಕಾಪಡೆಯಲ್ಲಿ ಅಧಿಕಾರಿಯಾಗಿ, ಕೂದಲು ಹಣ್ಣಾದ ಮೇಲೆ ಊರಿಗೆ ಮರಳಿದವರು. ಎಮ್ಮೆಲ್ಲೆ ಆಗಿಯೇ ಸಿದ್ಧ ಎಂದು ಪಕ್ಷೇತರರಾಗಿ ನಿಂತರು. ಸಮುದ್ರ ಆಳಿದವರಿಗೆ ತಾಲೂಕು ಯಾವ ಲೆಕ್ಕ ಅಂತ ಅವರ ಎಣಿಕೆ. ತಾಲೂಕಿನ ಎಣಿಕೆ ಬೇರೆ ಇತ್ತು.

ಹೊತ್ತಿಗೆ ಸರಿಯಾಗಿ

ಗುಡೂರಿನಲ್ಲಿ ಮೊದಲ ಸಭೆ, ಮುಂಜಾನೆ ಒಂಬತ್ತಕ್ಕೆ. ನಮ್ಮ ಕಡೆ ಸಭೆಯ ಒಂಬತ್ತು ಅಂದರೆ ಹನ್ನೊಂದು, ಅದು ಕೂಸಿಗೂ ಗೊತ್ತು. ಸಾಹೇಬರು ಒಂಬತ್ತಕ್ಕೇ ಮೈಕು ಹಿಡಿದರು. ಎದುರಿಗೆ ಖಾಲಿ ಕುರ್ಚಿಗಳು, ಮೈಕಿನವ ಮತ್ತು ನಾನು.

"ಜರಾ ತಡೀರಿ ಸಾಹೇಬ್ರ, ಮಂದಿ ಬರ್ಲಿ" ಅಂದೆ.

"ಹಡಗ ಯಾರಿಗೂ ಕಾಯೂದಿಲ್ಲ" ಅಂದವರೇ, ನೀರಾವರಿಯಿಂದ ಹಿಡಿದು ಸಾಲಿಯ ಕಟ್ಟಡದವರೆಗೆ ಎಲ್ಲ ಭರವಸೆಯನ್ನೂ ಕುರ್ಚಿಗಳಿಗೆ ಕೊಟ್ಟು ಮುಂದಿನ ಊರಿಗೆ ಹೊರಟರು.

ಹನ್ನೊಂದಕ್ಕೆ ಊರಿಗೆ ಊರೇ ಬಂದು, ಸಾಹೇಬರು ಎಲ್ಲಿ ಅಂತ ಮೈಕಿನವನನ್ನು ಕೇಳಿತಂತೆ. "ಬಾಕಿದವರು ಆರಿಸಿ ಬಂದ ಮ್ಯಾಲೆ ನಾಪತ್ತಿ ಆಗ್ತಾರ. ಇವರು ಮೊದಲ ಆಗ್ಯಾರ" ಅಂದನಂತೆ ಅವನು.

ಭಂಡಾರ

ಬೀರಪ್ಪನ ಗುಡಿಗೆ ಹೋದರೆ ಕುರಿ ಸಾಕುವ ಮಂದಿಯ ಓಟು ಬರುತ್ತದೆ ಅಂತ ಯಾರೋ ಹೇಳಿದರು. ಸಾಹೇಬರು ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿ ಬಂದರು. ಅಲ್ಲಿ ಮಂದಿ ಭಕ್ತಿಯಿಂದ ಮುಷ್ಟಿಗಟ್ಟಲೆ ಭಂಡಾರ, ಅಂದರೆ ಅರಿಷಿಣ ಪುಡಿ, ತೂರಿದರು. ಸಾಹೇಬರು ಸೆಲ್ಯೂಟ್ ಹೊಡೆದು ಅಲುಗಾಡದೆ ನಿಂತರು. ನಾನು ನಗು ಕಾಣದಿರಲೆಂದು ದೇವರಿಗೆ ಉದ್ದಂಡ ಬಿದ್ದೆ.

ಮರುದಿನ ಪೇಪರಿನಲ್ಲಿ ಅಡಿಯಿಂದ ಮುಡಿಯವರೆಗೆ ಹಳದಿಯಾದ ಸಾಹೇಬರ ಫೋಟೋ. ಎದುರಾಳಿಯ ಬಾವುಟವೂ ಅಚ್ಚ ಹಳದಿ. ಸಾಹೇಬರ ಹೆಂಡತಿ ಪೇಪರು ಮಡಚಿಟ್ಟು ಹೇಳಿದರು: "ಪಕ್ಷ ಇಲ್ದನ ಪಕ್ಷಾಂತರ ಮಾಡಿದವ್ರು ನೀವ ಮೊದಲನೇದವ್ರು ನೋಡ್ರಿ."

ಹುಕುಂ

ಹಡಗಿನಲ್ಲಿ ಮೇಲಿನವರು ಹುಕುಂ ಕೊಟ್ಟರೆ ಕೆಳಗಿನವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕಂತೆ. ಗಾಳಿಯ ಸದ್ದಿನಲ್ಲಿ ಮಾತು ತಪ್ಪಬಾರದಲ್ಲ. ಸಾಹೇಬರು ಅದನ್ನು ನಮಗೂ ಕಲಿಸಿಬಿಟ್ಟಿದ್ದರು. "ಜೀಪ್ ಎಡಕ್ಕ" ಅಂದರೆ ನಾನು ಒದರಬೇಕು, ನನ್ನ ಹಿಂದೆ ಕಾರ್ಯಕರ್ತರೆಲ್ಲ ಒದರಬೇಕು.

ಪ್ರಚಾರದ ಕೊನೆಯ ದಿನ ಒಬ್ಬ ಹಿರಿಯ ಗೌಡರ ಮನೆಗೆ ಹೋದೆವು. ಗೌಡರು ಹೂಂ ಅಂದರೆ ಸುತ್ತಲಿನ ಹಳ್ಳಿಗಳೆಲ್ಲ ನಮ್ಮವು. ಉಹೂಂ ಅಂದರೆ ಸಾಹೇಬರು ಸೋತಂತೆಯೇ. ಗೌಡರು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಟ್ಟು, ತಮ್ಮ ಅಜ್ಜ ತೋಡಿಸಿದ ಬಾವಿಯ ಕಥೆ ಸುರುಮಾಡಿದರು. ಕಥೆ ಬಾವಿಯಿಂದ ಮೇಲೇಳಲೇ ಇಲ್ಲ. ಗಡಿಯಾರ ನೋಡಿ ನೋಡಿ ಸಾಕಾದ ಸಾಹೇಬರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮುದುಕನ ಮಾತು ಮುಗಿಯೂದಿಲ್ಲ. ಓಟ್ ಹಾಕ್ತೇನಿ ಅಂದ ಕೂಡ್ಲೆ ಎದ್ದು ನಡೀರಿ."

ರೂಢಿ ಎಂಬುದು ಕೆಟ್ಟದ್ದು. ನಾನು ಎದ್ದು ನಿಂತು ಅದಷ್ಟನ್ನೂ ಗಟ್ಟಿಯಾಗಿ ಒಪ್ಪಿಸಿದೆ. ನನ್ನ ದನಿ ಕೇಳಿದ್ದೇ ತಡ, ಹಿಂದಿದ್ದವರೆಲ್ಲ ಎದ್ದು ಇನ್ನೊಮ್ಮೆ ಒಪ್ಪಿಸಿದರು.

ಗೌಡರು ರುಮಾಲು ಸರಿಮಾಡಿಕೊಂಡು, ಸಮಾಧಾನದಿಂದಲೇ ಅಂದರು: "ಸಾಹೇಬ್ರ, ಈಗ ನನ್ನದೊಂದು ಹುಕುಂ. ಚಪ್ಪಲಿ ಮೆಟ್ಕೊಂಡು ಹೊರಗ ನಡೀರಿ."

"ಚಪ್ಪಲಿ ಮೆಟ್ಕೊಂಡು ಹೊರಗ ನಡೀರಿ" ಅಂತ ಪಡಸಾಲೆ ನಡುಗುವಂತೆ ಒದರಿದೆವು. ಎಲ್ಲರಿಗಿಂತ ಗಟ್ಟಿ ದನಿ ಸಾಹೇಬರದು.