ಹಾಳೆಯಲ್ಲಿ ಹಿಡಿಸದ ಕೋಡು

ವ್ರತ ಹಿಡಿಯುವುದು ಕಷ್ಟವಲ್ಲ. ಹಿಡಿದೆನೆಂದು ನಾಲ್ಕು ಜನರಿಗೆ ಹೇಳದೆ ಇರುವುದು ಕಷ್ಟ. ಹೇಳದಿದ್ದರೆ ಎಂಟನೆಯ ದಿನ ಸದ್ದಿಲ್ಲದೆ ಕೈಬಿಡಬಹುದು. ನನಗೆ ಆ ಜಾಣತನವಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಮಾಸ್ತರನಾಗಿದ್ದೆ. ಒಮ್ಮೆ ಬಳ್ಳಾರಿಗೆ ಹೋದವನು ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಪುಸ್ತಕವೊಂದನ್ನು ಕೊಂಡುಕೊಂಡೆ. ಅಷ್ಟಕ್ಕೇ ಸುಮ್ಮನಿರದೆ, ಒಂದು ವರ್ಷ ದಿನಕ್ಕೊಂದು ಚಿತ್ರ ಬರೆಯುತ್ತೇನೆ, ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಹೆಂಡತಿ ಶಾಂತಮ್ಮನಿಗೆ, ಆಮೇಲೆ ಜೊತೆಯ ಮಾಸ್ತರರಿಗೆ, ಕಡೆಗೆ ಕೇಳದಿದ್ದರೂ ಬಸ್ಸಿನ ಕಂಡಕ್ಟರನಿಗೂ ಹೇಳಿಬಿಟ್ಟೆ.

ಮೊದಲ ತಿಂಗಳು ತಂಬಿಗೆ ಬರೆದೆ. ತಂಬಿಗೆ ಅಲುಗಾಡುವುದಿಲ್ಲ, ಎದ್ದು ಹೋಗುವುದಿಲ್ಲ, ಹೋಲಲಿಲ್ಲವೆಂದು ಜಗಳವಾಡುವುದಿಲ್ಲ. ಶಾಂತಮ್ಮ ಒಂದಷ್ಟು ದಿನ ನೋಡಿದಳು. ಆಮೇಲೆ, "ಇವತ್ತೂ ತಂಬಿಗೀನ ಏನ್ರಿ? ಪಾಪ, ಅದಕ್ಕೂ ಬ್ಯಾಸರ ಬಂದಿರ್ತೈತಿ, ಹೊರಗ ಹೋಗ್ರಿ ಒಂದೀಟು" ಎಂದಳು. ಹೋದೆ. ಬಳ್ಳಾರಿಯ ಗುಡ್ಡ ಬರೆದೆ, ನಿಂತ ಬಸ್ಸು ಬರೆದೆ. ಅತ್ತೆಯ ಮನೆಗೆಂದು ಕುರುಗೋಡಿಗೆ ಹೋದಾಗ ಅಲ್ಲಿನ ದೊಡ್ಡ ಬಸವಣ್ಣನನ್ನೂ ಬರೆದೆ. ಅತ್ತೆ ಕಣ್ಣಿಗೊತ್ತಿಕೊಳ್ಳಲು ಪುಸ್ತಕ ತೆಗೆದುಕೊಂಡವರು ಹಾಗೆಯೇ ನಿಂತು, "ದೇವರಿಗೆ ಹಿಂದಿನ ಕಾಲು ಎಲ್ಲಿ ಹೋದವಪ್ಪಾ?" ಎಂದರು. ನಿಜ ಹೇಳಬೇಕೆಂದರೆ, ಮುಖದಿಂದ ಶುರುಮಾಡಿ ಬೆನ್ನಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿತ್ತು. ಯಾವ ಚಿತ್ರವಾದರೂ ನನ್ನದು ಅದೇ ಹಣೆಬರಹ. ಆದರೆ ಅಳಿಯನೆಂಬ ಗತ್ತು ಬಿಡಬೇಕಲ್ಲ? "ಕಲೆಯಲ್ಲಿ ಎಲ್ಲವನ್ನೂ ತೋರಿಸಬಾರದು ಅತ್ತೀ, ನೋಡುವವರಿಗೂ ಸ್ವಲ್ಪ ಕೆಲಸ ಬಿಡಬೇಕು" ಎಂದೆ. ಅವರು ಬಹಳ ಹೊತ್ತು ಆ ಕೆಲಸದಲ್ಲೇ ತೊಡಗಿದ್ದರು.

ಊರಲ್ಲಿ ಮಾತ್ರ ನನ್ನ ಹೆಸರು ಏರುತ್ತಾ ಹೋಯಿತು. "ನಮ್ಮ ಮಾಸ್ತರು ಕಂಡದ್ದು ಕಂಡಂಗ ಬರೀತಾರ" ಎಂದು ಜನ ಹೇಳುತ್ತಿದ್ದರು. ಮೊದಲು ಹಾಗೆ ಹೇಳಿದವನು ನಾನೇ ಎಂಬುದು ಅವರಿಗೆ ಮರೆತುಹೋಗಿತ್ತು.

ನಮಗೆ ಹಾಲು ಹಾಕುತ್ತಿದ್ದವಳು ಈರಮ್ಮ. ಗಂಡನಿಲ್ಲ, ಒಂದು ಎಮ್ಮೆ ಇತ್ತು, ಅದರಿಂದಲೇ ಒಲೆ ಉರಿಯುತ್ತಿತ್ತು. ಒಂದು ದಿನ ಬರೆಯಲು ಏನೂ ಸಿಗದೆ ಆ ಎಮ್ಮೆಯನ್ನೇ ಬರೆದು ಕೆಳಗೆ ತಾರೀಖು ಹಾಕಿದ್ದೆ. ಅದಾಗಿ ತಿಂಗಳಿಗೆ ಎಮ್ಮೆ ಹಗ್ಗ ಕಿತ್ತುಕೊಂಡು ಕಾಲುವೆ ದಂಡೆ ಹಿಡಿದು ಹೋಯಿತು. ಮೂರು ದಿನ ಹುಡುಕಿದ ಮೇಲೆ ಕರಿಬಸಪ್ಪನೆಂಬ ರೈತನ ಹಿಂಡಿನಲ್ಲಿ ಸಿಕ್ಕಿತು. ಅವನಿಗೆ ಎಮ್ಮೆಗಳು ಹತ್ತಾರು. "ಇದು ನಂದ" ಎಂದ. ಈರಮ್ಮ ಅಳುತ್ತಾ ಊರಿನ ನ್ಯಾಯ ಬಗೆಹರಿಸುವ ಹಿರಿಯ ಪಂಪನಗೌಡರ ಕಟ್ಟೆಗೆ ಹೋದಳು.

ಗೌಡರು ಮೊದಲು, "ಎಮ್ಮಿ ಬಿಡ್ರಿ, ಯಾರ ಹಿಂದ ಹೊಕ್ಕೈತಿ ನೋಡೂಣು" ಎಂದರು. ಬಿಟ್ಟರು. ಎಮ್ಮೆ ಈರಮ್ಮನನ್ನೂ ನೋಡಲಿಲ್ಲ, ಕರಿಬಸಪ್ಪನನ್ನೂ ನೋಡಲಿಲ್ಲ. ನೆಟ್ಟಗೆ ಗೌಡರ ಹುಲ್ಲಿನ ಬಣವೆಗೆ ಹೋಗಿ ಬಾಯಿ ಹಾಕಿತು. ಆಗ ಈರಮ್ಮ, "ನಮ್ಮ ಮಾಸ್ತರು ಇದರ ಪಟ ಬರದಾರ್ರಿ ಯಪ್ಪಾ, ತಾರೀಖು ಸೈತ ಐತಿ" ಎಂದಳು. ನನಗೆ ಕರೆ ಬಂತು. ನಾನು ಇಸ್ತ್ರಿ ಅಂಗಿ ತೊಟ್ಟು, ಪುಸ್ತಕ ಹಿಡಿದು, ಇಡೀ ತಾಲ್ಲೂಕಿಗೆ ಒಬ್ಬನೇ ಸಾಕ್ಷಿ ಎಂಬಂತೆ ಹೋದೆ.

ಗೌಡರು ಪುಟ ನೋಡಿದರು. ಕಿವಿಯ ಅಂಚಿನಲ್ಲೊಂದು ಹರಕು ಬರೆದಿದ್ದೆ. ಎಮ್ಮೆಯ ಕಿವಿಯಲ್ಲೂ ಅಲ್ಲೇ ಹರಕಿತ್ತು. ಈರಮ್ಮನ ಮುಖ ಅರಳಿತು. ಅಷ್ಟರಲ್ಲಿ ಕರಿಬಸಪ್ಪ ಬಗ್ಗಿ ನೋಡಿ, "ಹರಕ ಕಿವಿ ಎಷ್ಟ ಎಮ್ಮಿಗಿಲ್ಲ? ಕೋಡು ನೋಡ್ರಿ ಗೌಡ್ರ! ಪಟದಾಗ ಒಂದು ಕೋಡು ಅರ್ಧಕ್ಕ ಮುರದೈತಿ. ಇದಕ್ಕ ಎರಡೂ ಪೂರಾ ಅದಾವು. ಮಾಸ್ತರು ಕಂಡದ್ದ ಕಂಡಂಗ ಬರೀತಾರಂದ್ರ, ಇದು ಆಕಿ ಎಮ್ಮಿ ಅಲ್ಲ" ಎಂದ.

ಕಟ್ಟೆಯ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ಈರಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಲ್ಲಿ 'ಕಲೆಯಲ್ಲಿ ಎಲ್ಲವನ್ನೂ...' ಎಂಬ ಮಾತು ಅರ್ಧ ಬಂದಿತ್ತು. ಆ ಮುಖದ ಮುಂದೆ ಅದು ಹೊರಡಲಿಲ್ಲ. ಕಡೆಗೆ ಇದ್ದದ್ದನ್ನೇ ಹೇಳಿದೆ: "ಕೋಡು ಮುರಿದಿಲ್ರಿ ಗೌಡ್ರ. ಹಾಳಿ ಮುಗೀತು."

"ಅಂದ್ರ?"

"ನನಗ ಅಳತಿ ಹಿಡಿಯಾಕ ಬರಾಂಗಿಲ್ರಿ. ಯಾವುದೂ ಹಾಳ್ಯಾಗ ಪೂರಾ ಕುಂದ್ರಾಂಗಿಲ್ಲ. ಬೇಕಂದ್ರ ಬ್ಯಾರೆ ಪುಟ ತಿರುವಿ ನೋಡ್ರಿ."

ಗೌಡರು ತಿರುವಿದರು. ಗುಡ್ಡಕ್ಕೆ ತುದಿಯಿಲ್ಲ. ಬಸ್ಸಿಗೆ ಹಿಂದಿನ ಗಾಲಿಯಿಲ್ಲ. ಬಸವಣ್ಣನಿಗೆ ಕಾಲಿಲ್ಲ. ನಮ್ಮ ಶಾಲೆಯ ಗಂಟೆಗೆ ನಾಲಿಗೆಯೇ ಇಲ್ಲ. ಒಂದೊಂದು ಪುಟಕ್ಕೂ ಗೌಡರ ಮೀಸೆ ಕುಣಿಯತೊಡಗಿ, ಕಡೆಗೆ ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ಅಯ್ಯ ಮಾಸ್ತರ, ತಿಂಗಳಗಟ್ಟಲೆ ಬರದೀರಿ, ಒಂದೂ ಪೂರಾ ಇಲ್ಲಲ್ರಿ!" ಕಟ್ಟೆಯೆಲ್ಲ ನಕ್ಕಿತು. ಕರಿಬಸಪ್ಪನೂ ನಕ್ಕ, ನಕ್ಕಮೇಲೆ ವಾದ ಮುಂದುವರಿಸುವುದು ಅವನಿಗೂ ಆಗಲಿಲ್ಲ. ತಲೆ ಕೆರೆದುಕೊಂಡು, "ಹಿಂಡಿನಾಗ ಗುರ್ತ ಸಿಗಲಿಲ್ರಿ. ಹೊಡಕೊಂಡು ಹೋಗವ್ವ" ಎಂದ. ಈರಮ್ಮ ಎಮ್ಮೆಯ ಕೊರಳು ತಬ್ಬಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, "ನಿಮಗ ಬರಾಂಗಿಲ್ಲಾಂತ ಹೇಳಿ ನನ್ನ ಉಳಿಸಿದ್ರಿ ಯಪ್ಪಾ" ಎಂದು ಕೈಮುಗಿದಳು. ಅಂಥ ಹೊಗಳಿಕೆ ನನಗೆ ಆಮೇಲೆ ಯಾರಿಂದಲೂ ಸಿಕ್ಕಿಲ್ಲ.

ಮರುದಿನದಿಂದ ನಮ್ಮ ಮನೆಯ ಮುಂದೆ ದನಗಳ ಸಾಲು. ಕಳೆದರೆ ಗುರುತಿಗಿರಲಿ ಎಂದು ಎಲ್ಲರೂ ಹೊಡೆದುಕೊಂಡು ಬರುವವರೇ. "ಕಿವಿ ಒಂದು ಸರಿಯಾಗಿ ಬರೀರಿ ಮಾಸ್ತರ, ಕೋಡಿಂದು ನಾವು ತಿಳಕೊಂತೀವಿ" ಎನ್ನುತ್ತಿದ್ದರು. ವರ್ಷದ ಉಳಿದ ಪುಟಗಳೆಲ್ಲ ಎತ್ತು, ಎಮ್ಮೆ, ಆಕಳುಗಳಿಗೇ ಹೋದವು.

ಕಡೆಯ ದಿನದ ಪುಟ ಮಾತ್ರ ಶಾಂತಮ್ಮನಿಗೆ ಎಂದು ಇಟ್ಟುಕೊಂಡಿದ್ದೆ. "ನಾನೇನು ಹಗ್ಗ ಕಿತ್ತಿಕೊಂಡು ಹೋಗಾಂಗಿಲ್ಲ ಬಿಡ್ರಿ" ಎಂದಳು. ಆದರೂ ತಲೆ ಬಾಚಿಕೊಂಡು ಬಂದು ಕೂತಳು. ಅಂದು ಉಸಿರು ಬಿಗಿಹಿಡಿದು ಬರೆದೆ. ತಲೆಯ ಹೂವಿನಿಂದ ಕಾಲುಂಗುರದವರೆಗೆ, ಮೊಟ್ಟಮೊದಲ ಬಾರಿಗೆ, ಎಲ್ಲವೂ ಹಾಳೆಯೊಳಗೇ ಕೂತಿತು. ಹೆಮ್ಮೆಯಿಂದ ಅವಳ ಮುಂದೆ ಹಿಡಿದೆ. ಅವಳು ಬೆಳಕಿಗೆ ತಿರುಗಿಸಿ, ಮತ್ತೆ ಮತ್ತೆ ನೋಡಿದಳು.

"ಚಲೋ ಬಂದೈತ್ರಿ" ಎಂದಳು. "ಯಾರಿಕಿ?"