ಫಿರೋಜಾ ಬ್ರೂಚ್ ತೊಳೆದ ಪ್ರಸಂಗ

ಬೆಳ್ಳಿ ತೊಳೆಯುವುದರಲ್ಲಿ ಇಡೀ ರೋಣದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಅಂಟುವಾಳ ಕಾಯಿ ನೆನೆಸಿದ ನೀರು, ಒಂದು ಚಿಟಿಕೆ ವಿಭೂತಿ, ಸವೆದ ಹಲ್ಲುಜ್ಜುವ ಬ್ರಶ್ಶು, ಇಷ್ಟು ಕೊಟ್ಟರೆ ಸಾಕು. ಎಂಥ ಕಪ್ಪು ಹಿಡಿದ ಕುಂಕುಮದ ಬಟ್ಟಲೂ ನನ್ನ ಕೈಯಲ್ಲಿ ಹೊಸದಾಗಿಬಿಡುತ್ತದೆ. ಹಬ್ಬ ಬಂತೆಂದರೆ ಓಣಿಯ ಹೆಂಗಸರು ತಮ್ಮ ದೀಪ, ಕಾಲ್ಗೆಜ್ಜೆಗಳನ್ನು ನನ್ನ ಮನೆಗೇ ತರುತ್ತಾರೆ. ಈ ಆತ್ಮವಿಶ್ವಾಸವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಮೂಲ.

ನನಗೆ ಇನ್ನೊಂದು ಚಟವೂ ಇದೆ. ಬೇರೆಯವರು ಸೀರೆ ಕೂಡಿಹಾಕುತ್ತಾರೆ, ನಾನು ಹಳೆಯ ಬ್ರೂಚ್ ಕೂಡಿಹಾಕುತ್ತೇನೆ. ಅದೂ ಸಿಕ್ಕಸಿಕ್ಕದ್ದಲ್ಲ. ತಿಳಿ ನೀಲಿಯ ಫಿರೋಜಾ ಹರಳು ಕೂಡಿಸಿದ್ದೇ ಆಗಬೇಕು. ನರಗುಂದದ ಪತ್ತಾರರ ಅಂಗಡಿಯಲ್ಲಿ ಮುರಿದ ಒಡವೆಗಳ ಡಬ್ಬಿ ಕಂಡರೆ ಸಾಕು, ನಾನು ಅಲ್ಲಿಯೇ ಕುಳಿತುಬಿಡುತ್ತೇನೆ. ಹಾಗೆ ಕುಳಿತು ಕುಳಿತು ಐದು ಬ್ರೂಚ್ ಗಳಿಸಿದ್ದೇನೆ. ಒಂದು ಎಲೆ, ತೊಟ್ಟಿಲ್ಲ. ಒಂದು ಪಾತರಗಿತ್ತಿ, ಅರ್ಧ ರೆಕ್ಕೆ ಇಲ್ಲ. ಉಳಿದ ಮೂರು ಏನೆಂದು ಇನ್ನೂ ತಿಳಿದಿಲ್ಲ. ಹೆಗಲ ಮೇಲೆ ಸೆರಗಿಗೆ ಅದನ್ನು ಚುಚ್ಚಿಕೊಂಡು ಹೊರಟೆನೆಂದರೆ ನನ್ನ ನಡಿಗೆಯೇ ಬೇರೆಯಾಗುತ್ತದೆ.

ಯಾಕೆ ಈ ಹುಚ್ಚು ಎಂದು ಕೇಳಿದರೆ ನನ್ನಲ್ಲಿ ಒಂದೇ ಉತ್ತರ. ನಮ್ಮದು ಎರೆಭೂಮಿ. ಕಡಲೆ ಕಿತ್ತ ಮೇಲೆ ಕಣ್ಣು ಹಾಯುವವರೆಗೂ ಕಪ್ಪು ನೆಲ, ಅದರ ಮೇಲೆ ಅಷ್ಟೇ ದೊಡ್ಡ ಆಕಾಶ. ಮಧ್ಯಾಹ್ನ ಊಟವಾದ ಮೇಲೆ ಮಾಳಿಗೆ ಹತ್ತಿ, ಬ್ರೂಚನ್ನು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಅದನ್ನು ಆಕಾಶಕ್ಕೆ ಹೊಂದಿಸಿ ನೋಡುತ್ತೇನೆ. ಹರಳು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಒಲೆಯ ಮೇಲೆ ಹಾಲಿಟ್ಟದ್ದು ನನಗೆ ನೆನಪಿರುವುದಿಲ್ಲ.

ನಮ್ಮ ಮನೆಯವರು ರೋಣದ ಪೇಟೆಯಲ್ಲಿ ಕಾಳಿನ ವ್ಯಾಪಾರಸ್ಥರು. ಅವರಿಗೆ ಇದು ಅರ್ಥವಾಗುವುದಿಲ್ಲ. "ಆಕಾಶ ಮ್ಯಾಲ ಐತಲ್ಲ, ಬೇಕಾದಷ್ಟು ನೋಡು. ಹೆಗಲ ಮ್ಯಾಲ ಯಾಕ ಚುಚ್ಕೋತಿ?" ಎನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಬೆಳವಣಕಿಯಲ್ಲಿ ನಮ್ಮ ಮನೆಯವರ ತಾಯಿಯ ಅಕ್ಕ ಇದ್ದಾರೆ. ಎಲ್ಲರಿಗೂ ದೊಡ್ಡವ್ವ. ಅವರ ಅಡಕೆ ಪೆಟ್ಟಿಗೆಯಲ್ಲಿ ಒಂದು ಬ್ರೂಚ್ ಇತ್ತು. ಬೆಳ್ಳಿಯ ಅರ್ಧಚಂದ್ರ, ಅದರ ತುಂಬ ಫಿರೋಜಾ ಹರಳು, ಒಂದೂ ಉದುರಿಲ್ಲ. ಅವರ ಅತ್ತೆಯ ಕಾಲದ್ದು. ಆ ನೀಲಿಯನ್ನು ನಾನು ಮದುವೆಯಾಗಿ ಬಂದ ವರ್ಷದಿಂದ ಕಣ್ಣಲ್ಲೇ ಇಟ್ಟುಕೊಂಡಿದ್ದೆ. ಈ ಸಲ ದೊಡ್ಡವ್ವನ ಮೊಮ್ಮಗಳ ಮದುವೆ ಗೊತ್ತಾಯಿತು. ಒಂದು ತಿಂಗಳು ಮೊದಲೇ ಹೋಗಿ, ಮದುವೆಯ ದಿನ ಹಾಕಿಕೊಳ್ಳಲು ಬ್ರೂಚ್ ಕೊಡುತ್ತೀರಾ ಎಂದು ಕೇಳಿಯೇಬಿಟ್ಟೆ.

ದೊಡ್ಡವ್ವ ಪೆಟ್ಟಿಗೆ ತೆರೆದು ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. "ಹ್ಯಾಂಗ ಒಯ್ತಿ ಹಂಗ ತಗೊಂಡ ಬಾ. ಹಂಗ ತಂದ್ರ ಮದವ್ಯಾಗ ಎಲ್ಲಾರ ಮುಂದ ಇದನ್ನ ನಿನಗ ಕೊಟ್ಟಬಿಡ್ತೀನಿ" ಎಂದರು.

ಆಮೇಲೆ ಅವರು ಇನ್ನೂ ಏನೇನೋ ಹೇಳಿದರು. ಏನೆಂದು ನಾನು ಹೇಳಲಾರೆ. ನಾನಾಗಲೇ ಹರಳಿನೊಳಗೆ ಹೋಗಿಬಿಟ್ಟಿದ್ದೆ. ಆದರೆ ಪ್ರತಿ ಮಾತಿಗೂ ಗೋಣು ಹಾಕಿದ್ದು ಮಾತ್ರ ನೆನಪಿದೆ.

ಆ ವಾರವೇ ನಮ್ಮ ಮಹಿಳಾ ಮಂಡಳದಲ್ಲಿ ನನ್ನ ಹವ್ಯಾಸದ ಬಗ್ಗೆ ನಾಲ್ಕು ಮಾತಾಡಲು ಹೇಳಿದರು. ನಾನು ನಾಲ್ಕಕ್ಕೆ ನಿಲ್ಲಲಿಲ್ಲ. ದೊಡ್ಡವ್ವನ ಬ್ರೂಚನ್ನು ಎತ್ತಿ ಹಿಡಿದು, ಈ ಹರಳು ಪರ್ಶಿಯಾದ ಬೆಟ್ಟಗಳಿಂದ ಒಂಟೆಯ ಮೇಲೆ ಬಂದು, ಹಡಗು ಹತ್ತಿ ಇಳಿದು, ನಮ್ಮ ಎರೆಹೊಲಗಳ ನಡುವೆ ಒಬ್ಬ ಮದುಮಗಳ ಹೆಗಲ ಮೇಲೆ ಬಂದು ಕುಳಿತ ಬಗೆಯನ್ನು ಕಂಡವಳಂತೆ ವರ್ಣಿಸಿದೆ. ಈ ನೀಲಿ ಸಾವಿರ ಹರದಾರಿ ಸುತ್ತಿದರೂ ಇನ್ನೊಂದು ಕಡೆ ಸಿಗದು ಎಂದು ಮುಗಿಸಿದೆ. ಎರಡನೇ ಸಾಲಿನಲ್ಲಿದ್ದ ಒಬ್ಬರು ಕಣ್ಣೊರೆಸಿಕೊಂಡರು. ಅವರಿಗೆ ನೆಗಡಿಯಾಗಿತ್ತೆಂದು ಆಮೇಲೆ ತಿಳಿಯಿತು.

ಇಂಥ ಬ್ರೂಚಿಗೆ ಇಂಥದ್ದೇ ಬಣ್ಣದ ಸೀರೆ ಬೇಡವೇ? ಗಜೇಂದ್ರಗಡಕ್ಕೆ ಹೋಗಿ ನೇಕಾರ ಈರಣ್ಣನವರ ಮುಂದೆ ಬ್ರೂಚ್ ಇಟ್ಟು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಇದೇ ನೀಲಿ ಬೇಕು ಎಂದೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಈ ಬಣ್ಣ ನಾ ಎಲ್ಲೋ ನೋಡೀನ್ರಿ ಅಕ್ಕಾರ. ದಿನಾ ನೋಡಿದಂಗ ಅನಸ್ತೈತಿ. ಎಲ್ಲಿ ಅಂತ ನೆನಪಾಗವಲ್ದು" ಎಂದರು. ನಾನು ಕನಿಕರದಿಂದ ನಕ್ಕು, ತಲೆ ಎತ್ತಿದರೆ ನೆನಪಾಗುತ್ತದೆ ಎಂದು ಆಕಾಶ ತೋರಿಸಿದೆ. ಅವರು ಆಕಾಶ ನೋಡಿ, ಅದಲ್ಲ ಎನ್ನುವಂತೆ ತಲೆಯಾಡಿಸಿದರು. ಕಲಾದೃಷ್ಟಿ ಎಲ್ಲರಿಗೂ ಇರುವುದಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಮದುವೆಗೆ ಹತ್ತು ದಿನವಿದ್ದಾಗ ಬ್ರೂಚನ್ನು ಹತ್ತಿರದಿಂದ ನೋಡಿದೆ. ಬೆಳ್ಳಿಯ ಸಂದಿಯಲ್ಲೆಲ್ಲ ಕಪ್ಪು. ಹೇಗೆ ಒಯ್ದೆನೋ ಹಾಗೆ ತಂದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು ಬಂತು? ಬೆಳ್ಳಿ ತೊಳೆಯುವ ನನ್ನ ಕೈ ಸುಮ್ಮನಿರಲಿಲ್ಲ. ಅಂಟುವಾಳದ ನೀರು ಮಾಡಿ, ಬ್ರೂಚನ್ನು ಅದರಲ್ಲಿ ಮುಳುಗಿಸಿ ಅಂಗಳದಲ್ಲಿ ಕುಳಿತೆ.

ಸ್ವಲ್ಪ ಹೊತ್ತಿಗೆ ಬೋಗುಣಿಯ ನೀರಿಗೂ ಒಂದು ಮಸುಕು ನೀಲಿ ಬಂದಿತು. ನೋಡಿ, ಆಕಾಶ ನನ್ನ ಬೋಗುಣಿಗೇ ಇಳಿದಿದೆ ಎಂದು ಮೈಮರೆತು ನೋಡುತ್ತ ಕುಳಿತೆ. ಇಂಥ ಗಳಿಗೆಯಲ್ಲಿ ಬುದ್ಧಿ ಇದ್ದವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ಇನ್ನೊಂದು ಹಿಡಿ ಅಂಟುವಾಳ ಹಾಕಿದೆ!

ಎತ್ತಿ ಒರೆಸಿದಾಗ ಬೆಳ್ಳಿ ಹುಣ್ಣಿಮೆಯಂತೆ ಹೊಳೆಯುತ್ತಿತ್ತು. ಹರಳುಗಳು ಮಾತ್ರ ಹಸಿರಾಗಿದ್ದವು. ನಮ್ಮ ಮನೆಯವರು ಬ್ರೂಚನ್ನು ಅಂಗೈಯಲ್ಲಿಟ್ಟು, ಪೇಟೆಯಲ್ಲಿ ಕಾಳಿನ ಮಾದರಿ ನೋಡುವಂತೆ ಬೆರಳಿನಿಂದ ಸರಿಸಿ ನೋಡಿ, ಹೆಸರುಕಾಳಿನ ಬಣ್ಣ ಚಲೋ ಬಂದಿದೆ ಎಂದು ತೀರ್ಪು ಕೊಟ್ಟರು. ನನಗೆ ಅಳು ಬಂತು. ಅವರು ಆಗ ದೊಡ್ಡವ್ವನ ಬಗ್ಗೆ ಇನ್ನೇನೋ ಸುದ್ದಿ ಹೇಳಿದರಂತೆ. ನಾನು ಹರಳು ನೋಡುತ್ತಿದ್ದೆ.

ಬ್ರೂಚನ್ನು ಸೀರೆಗೆ ಹೊಂದಿಸಲಾಗದಿದ್ದರೆ ಸೀರೆಯನ್ನಾದರೂ ಬ್ರೂಚಿಗೆ ಹೊಂದಿಸೋಣ ಎಂದು ಈರಣ್ಣನವರಿಗೆ ಫೋನ್ ಮಾಡಿ, ನೀಲಿ ಬೇಡ, ಹಸಿರು ನೇಯಿರಿ ಎಂದೆ. ಉದ್ದದ ಹಾಸು ನೂಲು ನೀಲಿಯದು ಮಗ್ಗಕ್ಕೆ ಏರಿಯಾಗಿದೆ, ಬೇಕಾದರೆ ಅಡ್ಡದ ಹೊಕ್ಕು ನೂಲನ್ನು ಹಸಿರು ಮಾಡಬಹುದು ಎಂದರು. ಮಾಡಿ ಎಂದೆ.

ಮರುದಿನ ಬಚ್ಚಲಿನಲ್ಲಿ ನಮ್ಮ ಮನೆಯವರ ಧೋತರಗಳು ಬೆಳ್ಳಗಾಗಲೆಂದು ನೀಲಿ ಹಾಕುತ್ತಿದ್ದೆ. ಬಕೆಟ್ಟಿನ ನೀರಿಗೆ ಬಾಟಲಿಯಿಂದ ನಾಲ್ಕು ಹನಿ ಬಿಟ್ಟು ಕಲಕಿದಾಗ ನನಗೆ ಜ್ಞಾನೋದಯವಾಯಿತು. ಬಿಳಿ ಧೋತರಕ್ಕೆ ನೀಲಿ ಕೊಡುವುದು ಹಸಿರು ಹರಳಿಗೆ ಯಾಕೆ ಕೊಡಬಾರದು? ಬಟ್ಟಲಿಗೆ ಅರ್ಧ ಬಾಟಲಿ ಸುರಿದೆ. ಬ್ರೂಚನ್ನು ಅದರಲ್ಲಿ ಬಿಟ್ಟು, ಹದಿನೈದು ನಿಮಿಷ ಕಾಯೋಣವೆಂದು ಮಾಳಿಗೆಗೆ ಹೋದೆ.

ಅವತ್ತು ಆಕಾಶದಲ್ಲಿ ಅರಳೆಯಂಥ ಸಣ್ಣ ಸಣ್ಣ ಮೋಡಗಳಿದ್ದವು. ಅವು ಅಬ್ಬಿಗೇರಿಯ ಕಡೆಗೆ ಅವಸರವಿಲ್ಲದೆ ಹೊರಟಿದ್ದವು. ನಾನೂ ಅವುಗಳ ಜೊತೆ ಸ್ವಲ್ಪ ದೂರ ಹೋದೆ. ಮದುವೆಯ ಮಂಟಪ ಕಂಡಿತು. ದೊಡ್ಡವ್ವ ಬ್ರೂಚನ್ನು ನನ್ನ ಸೆರಗಿಗೆ ಚುಚ್ಚುತ್ತಿದ್ದಾರೆ, ಹೆಂಗಸರು ತುದಿಗಾಲಲ್ಲಿ ನಿಂತು ನೋಡುತ್ತಿದ್ದಾರೆ, ನಾನು ಬೇಡ ಬೇಡ ಎನ್ನುತ್ತ ಹೆಗಲನ್ನು ಮುಂದೆ ಚಾಚುತ್ತಿದ್ದೇನೆ. ಕಣ್ಣು ಬಿಟ್ಟಾಗ ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯ ಮೇಲೆ ನೆರಳು ಬಂದಿತ್ತು.

ಕೆಳಗಿಳಿದು ನೋಡಿದರೆ ಹರಳುಗಳು ಶಾಯಿಯ ದೌತಿಯಂತಾಗಿದ್ದವು. ಅದನ್ನು ತೆಗೆಯಲು ಮತ್ತೆ ಅಂಟುವಾಳ. ಅದು ಹೆಚ್ಚಾಯಿತೆಂದು ಮತ್ತೆ ನೀಲಿ. ನಾಲ್ಕು ದಿನ ಹೀಗೆ ನಡೆದು ಕೊನೆಗೆ ಬಾಟಲಿ ಮುಗಿಯಿತು. ಆಗ ಕೆಲವು ಹರಳು ಹಸಿರು, ಕೆಲವು ಕಡುನೀಲಿ, ನಟ್ಟನಡುವಿನದು ಅರ್ಧರ್ಧ. ನೀಲಿಯಿಲ್ಲದೆ ಹಳದಿಗಟ್ಟಿದ ಧೋತರ ಉಟ್ಟು ಪೇಟೆಗೆ ಹೋದ ನಮ್ಮ ಮನೆಯವರನ್ನು ಇಬ್ಬರು ದಲಾಲರು, ಕಾಮಾಲೆಯಾಗಿದೆಯೇ ಎಂದು ವಿಚಾರಿಸಿದರಂತೆ.

ಮತ್ತೆ ಗಜೇಂದ್ರಗಡಕ್ಕೆ ಫೋನ್ ಮಾಡಿ, ಹೊಕ್ಕಿನಲ್ಲಿ ಸ್ವಲ್ಪ ಕಡುನೀಲಿಯೂ ಬಂದರೆ ಹೇಗೆ ಎಂದು ಕೇಳಿದೆ. "ಅಕ್ಕಾರ, ಆಕಾಶ ಯಾವ ಬಣ್ಣದ್ದು ಅಂತ ಮೊದಲ ನೀವು ನಿಕ್ಕಿ ಮಾಡ್ರಿ. ಅಲ್ಲೀತನಾ ನಾ ಮಗ್ಗ ನಿಲ್ಲಸ್ತೀನಿ" ಎಂದರು ಈರಣ್ಣನವರು. ಹಸಿರೇ ಇರಲಿ ಎಂದು ಫೋನ್ ಇಟ್ಟೆ.

ಈಗ ನನಗೆ ಉಳಿದದ್ದು ಒಂದೇ ಆಸೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಂದವರನ್ನು ಅವರು ದನಿಯಿಂದಲೇ ಗುರುತಿಸುತ್ತಿದ್ದರು. ಅವರ ಕೈಗೆ ಬ್ರೂಚ್ ಕೊಟ್ಟರೆ ಬೆರಳಾಡಿಸಿ ನೋಡುತ್ತಾರೆ, ಹರಳು ಎಲ್ಲ ಇವೆ, ಮುಗಿಯಿತು. ಮಗಳೆಂದು ನನಗೆ ಉಣಬಡಿಸಿದ ಮುದುಕಿಯ ಕಣ್ಣು ಕಾಣದಿರಲಿ ಎಂದು ನಾನು ಮದುವೆಯ ಹಿಂದಿನ ದಿನ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅಂಥ ದೀಪವನ್ನು ಯಾವ ದೇವರು ನೋಡುತ್ತಾನೆ!

ಗಜೇಂದ್ರಗಡದ ಸೀರೆ ಇನ್ನೂ ಬಾರದೆ ಹಳೆಯದನ್ನೇ ಉಟ್ಟು ಹೊರಟೆ. ಬೆಳವಣಕಿಯಲ್ಲಿ ಮದುವೆ ಮನೆಯ ಮುಂದೆ ಬಸ್ಸಿನಿಂದ ಇಳಿದು, ಸೆರಗನ್ನು ಬ್ರೂಚಿನ ಮೇಲೆ ಎಳೆದುಕೊಂಡು ಹಂದರದೊಳಗೆ ಕಾಲಿಟ್ಟೆ. ದೊಡ್ಡವ್ವ ಆ ತುದಿಯಲ್ಲಿ ಕುರ್ಚಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಸುಮಿತ್ರಾ, ನಿನ್ನ ಸೀರಿ ಅಂಚಿಗೆ ಅರಿಷಿಣ ಹತ್ತೈತಿ ನೋಡು" ಎಂದು ಅಲ್ಲಿಂದಲೇ ಕೂಗಿದರು.

ಬಗ್ಗಿ ನೋಡಿದೆ. ಸಾಸಿವೆಯಷ್ಟು ಅರಿಷಿಣ ಹತ್ತಿತ್ತು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ, ಹತ್ತು ದಿನದ ಹಿಂದೆಯೇ ನಿನಗೆ ಹೇಳಿದ್ದೆನಲ್ಲ ಎಂದು ನಮ್ಮ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ದೊಡ್ಡವ್ವನ ಕೈ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಬ್ರೂಚ್ ಬಿಚ್ಚಿ ಅವರ ಮಡಿಲಲ್ಲಿಟ್ಟೆ.

"ದೊಡ್ಡವ್ವಾ, ನಾ ಇದನ್ನ ಕೆಡಿಸಿಬಿಟ್ಟೇನ್ರಿ."

ಅವರು ಕನ್ನಡಕ ಎತ್ತಿ ಬ್ರೂಚನ್ನು ಕಿಟಕಿಯ ಬೆಳಕಿಗೆ ಹಿಡಿದರು. "ತೊಳದಿ?"

"ಹೂಂರಿ."

"ನೀರ ಹಚ್ಚಬ್ಯಾಡ ಅಂತ ಮೂರು ಸಲ ಹೇಳೀನಿ. ನೀ ಮೂರು ಸಲಾನೂ ಗೋಣ ಹಾಕಿದಿ." ಆಮೇಲೆ ಬ್ರೂಚನ್ನು ಅತ್ತಿತ್ತ ತಿರುಗಿಸಿ ಕೇಳಿದರು, "ನೀಲಿ ಎಷ್ಟ ಹಾಕಿದಿ?"

ನೀಲಿಯ ಸುದ್ದಿಯನ್ನು ನಾನಿನ್ನೂ ಎತ್ತಿಯೇ ಇರಲಿಲ್ಲ. ಒಂದು ಬಾಟಲಿ ಪೂರ್ತಿ ಎಂದೆ. ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದರು. ಹೊಸ ಕಣ್ಣಲ್ಲಿ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರಂತೆ. ಅದನ್ನು ನನಗೆ ಹೇಳುತ್ತ ಇನ್ನಷ್ಟು ನಕ್ಕರು.

ನಿಜ ಸಂಗತಿ ಇಷ್ಟು. ಅವರ ಅತ್ತೆ ಅದನ್ನು ಅವರಿಗೆ ಕೊಟ್ಟಾಗಲೇ ಅದು ಪೂರ್ತಿ ಹಸಿರಾಗಿತ್ತು. ಬೆವರು, ಎಣ್ಣೆ, ಅರಿಷಿಣ ಕುಡಿದು ಕುಡಿದು ಹರಳು ಹಾಗಾಗುತ್ತದಂತೆ. ಅದು ನೀಲಿಯಾಗಿದ್ದದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ. ಹೊಸ ಸೊಸೆಯಾಗಿದ್ದ ದೊಡ್ಡವ್ವನಿಗೆ ತನ್ನ ನೀಲಿ ಸೀರೆಗೆ ಅದು ಹೊಂದಲಿಲ್ಲ. ಗಂಡನ ರುಮಾಲಿಗೆ ನೀಲಿ ಹಾಕುವ ದಿನ, ಉಳಿದ ನೀರಿನಲ್ಲಿ ಅದನ್ನೂ ಅದ್ದಿದರು. ಅಂದಿನಿಂದ ಪ್ರತಿ ಚೌತಿಗೆ ಇದೇ ಪದ್ಧತಿ. ಒಂದು ವಾಟಿ ನೀರು, ಒಂದು ಹನಿ ನೀಲಿ, ಅನ್ನಕ್ಕೆ ಒಂದು ಕುದಿ ಬರುವಷ್ಟು ಹೊತ್ತು, ಅಷ್ಟೇ.

ಹೀಗೆ ಪರ್ಶಿಯಾದಿಂದ ಒಂಟೆಯ ಮೇಲೆ ಬಂದ ನನ್ನ ಆಕಾಶ, ಬೆಳವಣಕಿಯ ಬಚ್ಚಲಿನಲ್ಲಿ ರುಮಾಲಿನ ಜೊತೆ ನೆನೆದು ಎದ್ದದ್ದಾಗಿತ್ತು.

ಬ್ರೂಚನ್ನು ಅವರ ಕೈಯಲ್ಲೇ ಬಿಟ್ಟು ಎದ್ದೆ. ಕೊಟ್ಟ ಮಾತಿನಂತೆ ತಂದಿಲ್ಲ, ನನಗೆ ಅದರ ಮೇಲೆ ಹಕ್ಕಿಲ್ಲ ಎಂದೆ. ದೊಡ್ಡವ್ವ ನನ್ನ ಸೆರಗು ಹಿಡಿದು ಕೂರಿಸಿದರು.

"ನನ್ನ ಅತ್ತಿ ನನಗ ಕೊಟ್ಟಾಗ ಇದು ಪೂರಾ ಹಸರಿತ್ತು. ಅರ್ಧಾನರ ಹ್ಯಾಂಗ ಬಂದಿತ್ತು ಹಂಗ ತಂದಿಯಲ್ಲ, ನಡಿ" ಎಂದರು.

ಅಕ್ಷತೆ ಬಿದ್ದ ಮೇಲೆ ಎಲ್ಲರ ಮುಂದೆ ಬ್ರೂಚನ್ನು ನನ್ನ ಸೆರಗಿಗೆ ಚುಚ್ಚಿದರು. ನನ್ನ ಕನಸಿನಲ್ಲಿ ಬಂದಂತೆಯೇ ಹೆಂಗಸರು ತುದಿಗಾಲಲ್ಲಿ ನಿಂತಿದ್ದರು. ಕನಸಿನಲ್ಲಿ ಬಾರದಿದ್ದದ್ದು ಒಂದೇ. ನಾನು ಮತ್ತೆ ಕೇಳಿಸಿಕೊಳ್ಳದೆ ಹೋದೇನೆಂದು ದೊಡ್ಡವ್ವ ನೀಲಿಯ ಅಳತೆಯನ್ನು ಇಡೀ ಹಂದರಕ್ಕೆ ಕೇಳುವಂತೆ ದೊಡ್ಡ ದನಿಯಲ್ಲಿ ಮೂರು ಸಲ ಹೇಳಿದರು. ಮಹಿಳಾ ಮಂಡಳದ ಎರಡನೇ ಸಾಲಿನಲ್ಲಿದ್ದ ಆ ಒಬ್ಬರೂ ಮದುವೆಗೆ ಬಂದು ಮುಂದೆಯೇ ನಿಂತಿದ್ದರು. ಈ ಸಲ ಅವರಿಗೆ ನೆಗಡಿ ಇರಲಿಲ್ಲ, ಆದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಸೀರೆ ಮದುವೆ ಮುಗಿದ ಮೂರನೇ ದಿನ ಬಂತು. ಬೆಳಕಿಗೆ ನೀಲಿ, ನೆರಳಿಗೆ ಹಸಿರು. ನೋಡಲು ಖರೇ ಚೆನ್ನಾಗಿದೆ, ಅದರಲ್ಲಿ ನನ್ನ ಪಾಲೇನೂ ಇಲ್ಲ. ನೀಲಿಯ ಕಥೆ ಕೇಳಿದ ಈರಣ್ಣನವರು, ಈಗ ನೆನಪಾಯಿತು, ನಮ್ಮಪ್ಪನ ಧೋತರ ಹಿಂಡಿದ ನೀರಿನ ಬಣ್ಣ ಅದು ಎಂದು ಬಹಳ ಸಮಾಧಾನಪಟ್ಟರು.

ನಾನು ಈಗಲೂ ಮಧ್ಯಾಹ್ನ ಮಾಳಿಗೆ ಹತ್ತುತ್ತೇನೆ. ಕೊನೆಯ ಸಲ ತೊಳೆದು, ಒಂದು ಹನಿಯ ಲೆಕ್ಕದಲ್ಲಿ ಅದ್ದಿ ತೆಗೆದ ದೊಡ್ಡವ್ವನ ಬ್ರೂಚನ್ನು ಆಕಾಶಕ್ಕೆ ಹಿಡಿಯುತ್ತೇನೆ. ಆ ಗಳಿಗೆ ಇನ್ನೂ ಬರುತ್ತದೆ. ಆದರೆ ಪಕ್ಕದ ಹಗ್ಗದ ಮೇಲೆ ನಮ್ಮ ಮನೆಯವರ ಧೋತರವೂ ಅದೇ ಬಣ್ಣದಲ್ಲಿ ಗಾಳಿಗೆ ಆಡುತ್ತಿರುತ್ತದೆ. ನನ್ನ ಉಳಿದ ಐದು ಬ್ರೂಚುಗಳನ್ನೂ ಒಮ್ಮೆ ತೊಳೆದು ನೋಡು, ಅವುಗಳ ನೀಲಿಯೂ ಬಿಡುತ್ತದೋ ತಿಳಿಯಲಿ ಎಂದು ಅವರು ದಿನವೂ ಹೇಳುತ್ತಾರೆ. ನಾನು ಅಂಟುವಾಳದ ಡಬ್ಬಿಯನ್ನು ಕೈಗೆ ಸಿಗದಂತೆ ಅಟ್ಟದ ಮೇಲೆ ಹಾಕಿದ್ದೇನೆ.